ಜೇಮ್ಸ್ ವಿಲ್ಸನ್ ಅಮೆರಿಕದ ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದಾಗಲೇ ಜೈಲಿಗೆ ಹೋಗಿದ್ದು ನಿಜವಾ?

ಹೌದು, ನಿಜ. ವಿಲ್ಸನ್ 1742ರಲ್ಲಿ ಸ್ಕಾಟ್ಲೆಂಡಿನ ರೈತರ ಮನೆಯಲ್ಲಿ ಹುಟ್ಟಿದವರು. ಅಮೆರಿಕಕ್ಕೆ ಬಂದು ವಕೀಲರಾದರು. 1776ರ ಸ್ವಾತಂತ್ರ್ಯ ಘೋಷಣೆ, 1787ರ ಸಂವಿಧಾನ, ಎರಡಕ್ಕೂ ಸಹಿ ಹಾಕಿದ್ದು ಆರೇ ಜನ. ಅವರಲ್ಲಿ ಇವರೂ ಒಬ್ಬರು. ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಲಿ ಅಂತ ಆಗಲೇ ವಾದಿಸಿದ್ದರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು ಇದರಿಂದಲೇ.

1789ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ವಿಲ್ಸನ್‌ರನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದರು. ಆದರೆ ವಿಲ್ಸನ್ ಸಾಲ ಮಾಡಿ ವಿಪರೀತ ಜಮೀನು ಕೊಂಡಿದ್ದರು. 1796ರ ಆರ್ಥಿಕ ಕುಸಿತದಲ್ಲಿ ಮುಳುಗಿಹೋದರು. ಸಾಲ ತೀರಿಸಲಾಗದೆ ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಜೈಲು ಸೇರಿದರು, ಆಗಲೂ ಜಡ್ಜ್ ಹುದ್ದೆಯಲ್ಲೇ ಇದ್ದರು! ಹೊರಬಂದು ಉತ್ತರ ಕೆರೊಲಿನಾಕ್ಕೆ ಹೋದರೆ ಅಲ್ಲೂ ಸಾಲಕ್ಕೆ ಜೈಲು. ಕೊನೆಗೆ 1798ರ ಆಗಸ್ಟ್‌ನಲ್ಲಿ ಈಡನ್‌ಟನ್ ಊರಲ್ಲಿ, ಹೋಟೆಲ್ ಕೋಣೆಯೊಂದರಲ್ಲಿ ತೀರಿಕೊಂಡರು. ಅವರ ಅವಶೇಷಗಳನ್ನು ಫಿಲಡೆಲ್ಫಿಯಾಕ್ಕೆ ತಂದಿದ್ದು 1906ರಲ್ಲಿ.