ನಿಂತೇ ಕಳೆಯುವ ಹನ್ನೊಂದು ತಾಸು

ಪ್ರಶ್ನೆ: ಕಲಬುರಗಿಯ ಬಟ್ಟೆ ಅಂಗಡಿಯೊಂದರಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ನಿಂತೇ ಕೆಲಸ ಮಾಡುತ್ತೇನೆ. ಊಟಕ್ಕೆ 15 ನಿಮಿಷವಷ್ಟೇ ಬಿಡುವು. ಸಂಜೆಯ ಹೊತ್ತಿಗೆ ಕಾಲುಗಳು ಬಾತುಕೊಳ್ಳುತ್ತವೆ. ಪದೇ ಪದೇ ಶೌಚಾಲಯಕ್ಕೆ ಹೋಗಲು ಬಿಡುವುದಿಲ್ಲವೆಂದು ನೀರನ್ನೂ ಕುಡಿಯುವುದಿಲ್ಲ. ಏನು ಮಾಡಲಿ?

ಉತ್ತರ: ತಂಗಿ, ನೀರು ಕುಡಿಯದಿರುವ ಅಭ್ಯಾಸವನ್ನು ಇಂದೇ ಬಿಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಬಾಯಾರಿಕೆಯನ್ನೂ ಮೂತ್ರವನ್ನೂ ತಡೆದುಕೊಂಡು ದಿನ ದೂಡಿದರೆ ತಲೆಸುತ್ತು, ಉರಿಮೂತ್ರದಂಥ ತೊಂದರೆಗಳು ಬರುತ್ತವೆ. ರೊಟ್ಟಿಯ ಬುತ್ತಿಯ ಜೊತೆ ಒಂದು ಬಾಟಲಿ ಮಜ್ಜಿಗೆಯನ್ನೂ ಒಯ್ಯಿರಿ.

ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯುಗಳು. ಅಲುಗಾಡದೆ ನಿಂತಾಗ ಆ ಕೆಲಸ ಕುಂಠಿತವಾಗಿ ಬಾವು ಬರುವುದರಿಂದ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹಿಮ್ಮಡಿಗಳನ್ನು ಎತ್ತಿ ಇಳಿಸುತ್ತಿರಿ, ರಾತ್ರಿ ಕಾಲುಗಳನ್ನು ದಿಂಬಿನ ಮೇಲಿಟ್ಟು ಮಲಗಿ. ಒಂದೇ ಕಾಲು ಬಾತು ನೋಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ.

ಆದರೆ ತಪ್ಪು ನಿಮ್ಮ ದೇಹದ್ದಲ್ಲ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನಕ್ಕೆ 9, ವಾರಕ್ಕೆ 48 ತಾಸಿನ ಮಿತಿಯನ್ನು ಹಾಕಿದೆ. 5 ತಾಸಿಗಿಂತ ಹೆಚ್ಚು ಹೊತ್ತು ದುಡಿಸುವ ಮೊದಲು ಕನಿಷ್ಠ 1 ತಾಸಿನ ವಿರಾಮ ಕೊಡಬೇಕು, ಮಿತಿ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಕೊಡಬೇಕು ಎನ್ನುತ್ತದೆ. ಬಂದು ಹೋದ ವೇಳೆಯನ್ನು ದಿನವೂ ಬರೆದಿಡಿ. ಒಬ್ಬರೇ ಹೋಗದೆ, ಜೊತೆಗಾರ್ತಿಯರೊಂದಿಗೆ ಸೇರಿ ಮಾಲೀಕರನ್ನು ಕೇಳಿ. ಸರದಿಯಂತೆ ಬಿಡುವು ಕೊಟ್ಟರೆ ವ್ಯಾಪಾರಕ್ಕೆ ಅಡ್ಡಿಯಾಗದೆಂದು ತಿಳಿಸಿ. ಒಪ್ಪದಿದ್ದರೆ ಆ ಬರಹದೊಂದಿಗೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ದೂರು ಕೊಡಿ.