ಟೀಚರಿಗೊಂದು ಪ್ರಶ್ನೆ: ಪಾಲೆ ಮರದ ಯಾವ ಕಥೆ ನಕ್ಷೆಗೆ?

ಪ್ರಶ್ನೆ: ಟೀಚರ್, ನಾವು ಕನ್ನಡ ವಿಭಾಗದ ಕೆಲವರು ಸೇರಿ ನಮ್ಮ ಕಾಲೇಜಿನ ಹಳೆ ಕಟ್ಟಡ, ಬಾವಿ, ಮರಗಳ ಫೋಟೊ ತೆಗೆದು, ಅವುಗಳ ಬಗ್ಗೆ ಇರುವ ಕಥೆಗಳ ಜೊತೆ ಒಂದು ನಕ್ಷೆ ಮಾಡುತ್ತಿದ್ದೇವೆ. ಎಲ್ಲರೂ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ್ದಾರೆ, ಅದರಲ್ಲಿ ಜಾಗದ ಗುರುತೇ ಇಲ್ಲ. ಗುರುತಿರುವ ಕೆಲವು ನಕ್ಷೆಯಲ್ಲಿ ಅತ್ತಿತ್ತ ಬಿದ್ದಿವೆ. ಕ್ಯಾಂಟೀನಿನ ಹಿಂದಿನ ಪಾಲೆ ಮರದ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದನ್ನು ಹಾಕುವುದು?
— ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಫೋಟೊದ ತೊಂದರೆ ಸುಲಭದ್ದು, ಅದನ್ನು ಮೊದಲು ಮುಗಿಸೋಣ. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದು, ಕ್ಯಾಮೆರಾಕ್ಕೆ ಅದರ ಅನುಮತಿ ಕೊಟ್ಟಿದ್ದರೆ ಅಕ್ಷಾಂಶ, ರೇಖಾಂಶ ಫೋಟೊದ ಫೈಲಿನೊಳಗೇ ಸೇರಿಕೊಳ್ಳುತ್ತವೆ. ವಾಟ್ಸಾಪಿನಲ್ಲಿ ಮಾಮೂಲಾಗಿ ಕಳಿಸಿದರೆ ಅವು ಅಳಿಸಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಮೂಲ ಫೈಲೇ ಬರುತ್ತದೆ. ಇನ್ನು, ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರಿನಷ್ಟು ಆಚೀಚೆ ಆಗಬಹುದು. ಮರದಡಿಯಲ್ಲಿ, ಗೋಡೆಗಳ ನಡುವೆ ಇನ್ನೂ ಹೆಚ್ಚು. ಅದಲ್ಲದೆ ಫೋನು ಬರೆದುಕೊಳ್ಳುವುದು ನೀವು ನಿಂತ ಜಾಗವನ್ನು. ಮೈದಾನದ ಆ ತುದಿಯಿಂದ ಝೂಮ್ ಮಾಡಿ ಬಾವಿಯ ಫೋಟೊ ತೆಗೆದರೆ ಬಾವಿ ಮೈದಾನಕ್ಕೇ ಬಂದು ಬೀಳುತ್ತದೆ. ಪಟ್ಟಿಯಲ್ಲಿ ಎರಡು ಕಾಲಂ ಇಡಿ: ನಿಂತ ಜಾಗ, ವಸ್ತು ಇರುವ ಜಾಗ. ಎರಡನೆಯದನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಯ ಮೇಲೆ ಕೈಯಾರೆ ಗುರುತಿಸಿ.

ಕಟ್ಟಡದ ಫೋಟೊ ತೆಗೆಯುವಾಗ ದೂರದ್ದೊಂದು ಸಾಲದು, ಹತ್ತಿರ ಹೋಗಿ. ಮುರಕಲ್ಲಿನ ಗೋಡೆಗೆ ಗಾರೆ ಉದುರಿದ ಕಡೆ ನೋಡಿ: ಕೈಯಿಂದ ಕೆತ್ತಿದ ಕಲ್ಲಿನ ಮೇಲೆ ಆಯುಧದ ಏಟಿನ ಓರೆ ಗುರುತುಗಳಿರುತ್ತವೆ, ಯಂತ್ರದ ಗರಗಸದಲ್ಲಿ ಕೊಯ್ದದ್ದಾದರೆ ಬಾಗಿದ ಗೆರೆಗಳು. ಮಾಡಿನ ಹಂಚು ಇಳಿಸುವ ದಿನ ತಪ್ಪದೆ ಅಲ್ಲಿರಿ, ಹಂಚಿನ ಮೇಲಿನ ಅಚ್ಚಿನ ಫೋಟೊ ತೆಗೆಯಿರಿ. ಬಾಸೆಲ್ ಮಿಶನ್ ಹಂಚಿನಲ್ಲಿ 1865 ಎಂದು ಕಂಡರೆ ಕಟ್ಟಡ ಆ ವರ್ಷದ್ದೆಂದು ಬರೆಯಬೇಡಿ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಆ ಮಿಶನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಬಹಳ ಕಾಲದ ನಂತರದ ಹಂಚುಗಳಲ್ಲೂ ಅದೇ ಅಂಕಿ ಇರುತ್ತದೆ. ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿದ್ದ ಕಾಲದ, ಅಂದರೆ 1956ರ ನವೆಂಬರಿಗೆ ಹಿಂದಿನ ಶಾಲಾ ಕಟ್ಟಡ ಹತ್ತಿರದಲ್ಲೆಲ್ಲಾದರೂ ಉಳಿದಿದ್ದು, ಅದರಲ್ಲಿ ಕನ್ನಡದ ಕಲ್ಲುಬರಹ ಇದ್ದರೆ ಬೇರೆಲ್ಲ ಬಿಟ್ಟು ಅದನ್ನು ಮೊದಲು ತೆಗೆಯಿರಿ. ಅಂಥ ಕಲ್ಲು ಪೈಂಟಿನಡಿ ಹೋದರೆ ಮತ್ತೆ ಓದಲಿಕ್ಕಾಗುವುದಿಲ್ಲ.

ಈಗ ಪಾಲೆ ಮರ. ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಮಲಯಾಳ ಮನೆಮಾತಿನ ಮಕ್ಕಳು ಅದರಲ್ಲಿ ಯಕ್ಷಿ ಇದ್ದಾಳೆ, ರಾತ್ರಿ ದಾರಿಹೋಕರ ಹತ್ತಿರ ಸುಣ್ಣ ಕೇಳುತ್ತಾಳೆ ಎನ್ನುತ್ತಾರೆ. ತುಳು ಮನೆಯವರಿಗೆ ಅದೇ ಮರ ಆಟಿ ತಿಂಗಳ ಅಮಾವಾಸ್ಯೆಯ ಮದ್ದು: ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ಕೆತ್ತೆ (ತೊಗಟೆ) ತಂದು, ಕಷಾಯ ಮಾಡಿ ಖಾಲಿ ಹೊಟ್ಟೆಗೆ ಕುಡಿಯುವುದು. ನೀವು ಒಂದನ್ನು ಆರಿಸಿದರೆ ಇನ್ನೊಂದು ಮನೆಯವರ ಮಾತನ್ನು ನಕ್ಷೆಯಿಂದ ಹೊರಗೆ ಹಾಕಿದ ಹಾಗೆ. ಎರಡನ್ನೂ ಹಾಕಿ. ಒಂದೇ ಗುರುತಿಗೆ ಎಷ್ಟು ಕಥೆಯಾದರೂ ಇರಲಿ. ಹೇಳಿದವರ ಭಾಷೆಯಲ್ಲೇ ರೆಕಾರ್ಡ್ ಮಾಡಿ, ಕೆಳಗೆ ಕನ್ನಡದಲ್ಲಿ ಸಾರಾಂಶ ಕೊಡಿ.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪಾಠ ಮಾಡುತ್ತಿದ್ದ ಜಾನಪದ ವಿದ್ವಾಂಸ ಅಲನ್ ಡಂಡಿಸ್ ತಮ್ಮ ವಿದ್ಯಾರ್ಥಿಗಳಿಂದಲೇ ಗಾದೆ, ನಗೆಮಾತು, ನಂಬಿಕೆಗಳನ್ನು ಸಂಗ್ರಹ ಮಾಡಿಸುತ್ತಿದ್ದರು. ಕಥೆಯ ಜೊತೆಗೆ ಹೇಳಿದವರು ಯಾರು, ಯಾವ ಸಂದರ್ಭದಲ್ಲಿ ಹೇಳಿದರು, ಅವರಿಗೆ ಅದರ ಅರ್ಥವೇನು ಎಂಬುದೂ ಇರಬೇಕೆಂಬುದು ಅವರ ಹಟ. ನಿಮಗೂ ನನ್ನ ಒತ್ತಾಯ ಅದೇ. ಜಾಗದ ಗುರುತನ್ನು ಫೋನು ಕೊಡುತ್ತದೆ. ಕಥೆಗೆ ಮನುಷ್ಯರ ಹತ್ತಿರವೇ ಹೋಗಬೇಕು. ಪ್ರಿನ್ಸಿಪಾಲರ ಕೋಣೆಗಿಂತ ಮೊದಲು ಗಂಟೆ ಹೊಡೆಯುವವರ, ಗುಡಿಸುವವರ, ಕ್ಯಾಂಟೀನಿನವರ ಹತ್ತಿರ ಹೋಗಿ ಕೂತು ಕೇಳಿ. ನಿವೃತ್ತರಾದವರ ಮನೆಗೆ ಈ ಮಳೆಗಾಲದೊಳಗೇ ಹೋಗಿ. ಹೆಸರು ಹಾಕಬಹುದೇ ಎಂದು ಕೇಳಿ, ಬೇಡ ಎಂದರೆ ಬಿಡಿ.

ಮರದ ಹೆಸರು ಹಾಕುವ ಮೊದಲು ಸಸ್ಯಶಾಸ್ತ್ರದವರನ್ನು ಕರೆದು ಖಚಿತ ಮಾಡಿಕೊಳ್ಳಿ. ಪಾಲೆಯ ಎಲೆಗಳು ಒಂದೇ ಗಂಟಿನ ಸುತ್ತ ಸಾಮಾನ್ಯವಾಗಿ ಏಳರಂತೆ ಇರುತ್ತವೆ, ಚಿವುಟಿದರೆ ಹಾಲು ಬರುತ್ತದೆ. ಪಾಲೆಯೆಂದು ಜನ ತಪ್ಪಿ ತಿಳಿಯುವ ಕಾಸರಕ ಮರದ ಎಲೆ ಎದುರುಬದುರು ಜೋಡಿಯಾಗಿರುತ್ತದೆ, ಅದರ ಕೆತ್ತೆ ವಿಷ. ಕತ್ತಲಲ್ಲಿ ಮರ ತಪ್ಪಿ ಕಷಾಯ ಕುಡಿದು ಜೀವ ಹೋದದ್ದಿದೆ. ನಿಮ್ಮ ನಕ್ಷೆ ನೋಡಿ ಯಾರೋ ಕೆತ್ತೆ ತರಲು ಬಂದಾರು.

ಪ್ರಶ್ನೆ: ನಮ್ಮ ಹಾಸ್ಟೆಲಿನ ಒಂದು ಕೋಣೆಯಲ್ಲಿ ದೆವ್ವ ಇದೆ ಎನ್ನುತ್ತಾರೆ. ಹಿಂದೆ ಅಲ್ಲಿದ್ದ ಒಬ್ಬಳ ಹೆಸರನ್ನೂ ಹೇಳುತ್ತಾರೆ. ಕ್ಯಾಂಪಸ್ ಕಥೆಗಳ ನಕ್ಷೆಯಲ್ಲಿ ಇದಕ್ಕೇ ಹೆಚ್ಚು ಓದುಗರು ಸಿಗುತ್ತಾರೆ. ಹಾಕಬಹುದೇ?
— ಓದುಗಿ, ಮಂಜೇಶ್ವರ

ಉತ್ತರ: ಬೇಡ ಮಗಳೇ. ಹಾಸ್ಟೆಲುಗಳಲ್ಲಿ ದೆವ್ವದ ಕಥೆ ಹುಟ್ಟುವುದು ಸಹಜ, ಜಾನಪದ ಅಭ್ಯಾಸಕ್ಕೆ ಅದೂ ಬೇಕು. ಆದರೆ ಅದು ನಿಜವಾಗಿ ಬದುಕಿದ್ದ ಒಬ್ಬ ಹುಡುಗಿಗೆ ಅಂಟಿಕೊಂಡಿದ್ದರೆ ಅವಳ ಅಮ್ಮ ಇನ್ನೂ ಇರಬಹುದು, ತಂಗಿ ಇದೇ ಊರಲ್ಲಿರಬಹುದು. ಹೆಸರು, ವರ್ಷ, ಕೋಣೆ ನಂಬರು ಯಾವುದೂ ಬೇಡ. "ಹಾಸ್ಟೆಲಿನಲ್ಲಿ ಕೇಳಿದ ಕಥೆ" ಎಂದು ಜಾಗವಿಲ್ಲದೆ ಬರೆದಿಡಿ, ಅದೂ ನಿಮ್ಮ ಫೈಲಿನಲ್ಲಿ ಮಾತ್ರ.

ಪ್ರಶ್ನೆ: ಕಾಂಪೌಂಡಿಗೆ ತಾಗಿ ನಾಗಬನ ಇದೆ. ಗುರುತು ಹಾಕಿದರೆ ತಪ್ಪೇ?
— ಓದುಗ, ಕುಂಬಳೆ

ಉತ್ತರ: ಬನ ನೋಡಿಕೊಳ್ಳುವ ಮನೆಯವರನ್ನು ಕೇಳಿ. ಒಪ್ಪಿದರೂ ಒಳಗೆ ಕಾಲಿಡದೆ ಹೊರಗಿನಿಂದ ತೆಗೆಯಿರಿ. ನಿಖರ ಜಾಗ ಬೇಡ ಎಂದರೆ ಅಕ್ಷಾಂಶ, ರೇಖಾಂಶದಲ್ಲಿ ದಶಮಾಂಶದ ನಂತರ ಮೂರೇ ಅಂಕಿ ಉಳಿಸಿ. ಆಗ ಸುಮಾರು 110 ಮೀಟರಿನಷ್ಟು ಮಸುಕಾಗುತ್ತದೆ. ಫೋಟೊದ ಫೈಲಿನೊಳಗಿನ ಗುರುತನ್ನೂ ತೆಗೆದುಹಾಕಿ, ಹಲವರು ಇದನ್ನು ಮರೆಯುತ್ತಾರೆ.

ಮೂವರಿಗೂ ಒಂದು ಮಾತು. ಪೂರ್ತಿ ಕೆಲಸವನ್ನು ಒಂದೇ ಕಂಪನಿಯ ಆ್ಯಪಿನಲ್ಲಿ ಬಿಡಬೇಡಿ. ಜಾಗದ ಗುರುತಿರುವ ಫೋಟೊಗಳಿಗೆಂದೇ ಇದ್ದ ಪನೋರಾಮಿಯೋ 2016ರಲ್ಲಿ ಮುಚ್ಚಿತು. ಪಟ್ಟಿ, ಮೂಲ ಫೋಟೊ, ಧ್ವನಿ ಇರುವ ಒಂದು ಹಾರ್ಡ್ ಡಿಸ್ಕ್ ಕಾಲೇಜಿನ ಲೈಬ್ರರಿಯಲ್ಲಿರಲಿ. ಕಥೆ ಹೇಳಿದ ಹಿರಿಯರಿಗೆ ನಕ್ಷೆಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಮನೆಗೆ ಕೊಟ್ಟು ಬನ್ನಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿಕೊಳ್ಳಬಹುದು.