ಬ್ಲೂಟೂತ್ ಕೀಬೋರ್ಡ್ ಫೋನಿಗೆ ಕಾಣುತ್ತದೆ, ಆದರೆ ಜೋಡಣೆ ಆಗುತ್ತಿಲ್ಲ. ಏನು ಮಾಡಬೇಕು?

ನಿಮ್ಮ ಲಾಜಿಟೆಕ್ ಕೆ380 ಲ್ಯಾಪ್‌ಟಾಪಿನಲ್ಲಿ ಸರಿಯಾಗಿದೆ, ಆಂಡ್ರಾಯ್ಡ್ ಫೋನಿನ ಪಟ್ಟಿಯಲ್ಲೂ ಹೆಸರು ಬರುತ್ತದೆ, ಮುಟ್ಟಿದರೆ ಆರಂಕಿಯ ಸಂಖ್ಯೆ ತೋರಿಸಿ ಸ್ವಲ್ಪ ಹೊತ್ತಿಗೆ ಜೋಡಣೆ ಆಗಲಿಲ್ಲ ಎನ್ನುತ್ತದೆ ಎಂದಿದ್ದೀರಿ. ಹಾಗಿದ್ದರೆ ಕೀಬೋರ್ಡ್ ಕೆಟ್ಟಿಲ್ಲ. ಆ ಸಂಖ್ಯೆಯನ್ನು ಫೋನಿನಲ್ಲಿ ಅಲ್ಲ, ಕೀಬೋರ್ಡಿನಲ್ಲೇ ಒತ್ತಿ ಎಂಟರ್ ಹೊಡೆಯಬೇಕು. ಕೀಬೋರ್ಡಿಗೆ ಪರದೆಯಿಲ್ಲವಲ್ಲ, ಫೋನ್ ನೋಡುತ್ತಿರುವವರೇ ಕೀಲಿ ಒತ್ತುತ್ತಿದ್ದಾರೆ ಎಂದು ಫೋನ್ ಖಾತ್ರಿ ಮಾಡಿಕೊಳ್ಳುವುದು ಹೀಗೆ. ಒತ್ತಿದ ಅಂಕಿ ಎಲ್ಲೂ ಮೂಡದೆ ಇರಬಹುದು, ಗಾಬರಿ ಬೇಡ. ಅರ್ಧ ನಿಮಿಷದೊಳಗೆ ಮುಗಿಸಿ. ತಪ್ಪಿದರೆ ರದ್ದುಮಾಡಿ ಮೊದಲಿಂದ ಶುರುಮಾಡಿ, ಹೊಸ ಸಂಖ್ಯೆ ಬರುತ್ತದೆ.

ಇಲ್ಲಿ ಎಡವುವ ಇನ್ನೊಂದು ಜಾಗವಿದೆ. ಈ ಕೀಬೋರ್ಡಿನ ಮೇಲಿನ ಸಾಲಿನ ಎಫ್1, ಎಫ್2, ಎಫ್3 ಕೀಲಿಗಳ ಮೇಲೂ 1, 2, 3 ಎಂದು ಬರೆದಿದೆ. ಅವು ಅಂಕಿಗಳಲ್ಲ, ಯಾವ ಸಾಧನಕ್ಕೆ ಹೋಗಬೇಕೆಂದು ಆರಿಸುವ ಗುಂಡಿಗಳು. ಸಂಖ್ಯೆ ಹಾಕುವಾಗ ಬೆರಳು ಅಲ್ಲಿಗೆ ಹೋದರೆ ಚಾನೆಲ್ಲೇ (ಒಂದೊಂದು ಸಾಧನಕ್ಕೆ ಮೀಸಲಾದ ಜಾಗ) ಬದಲಾಗಿ ಜೋಡಣೆ ಅಲ್ಲಿಗೇ ನಿಲ್ಲುತ್ತದೆ. ಅಂಕಿಗಳಿಗೆ ಅದರ ಕೆಳಗಿನ ಸಾಲು ಬಳಸಿ.

ಪೂರ್ತಿ ಕ್ರಮ ಹೀಗೆ. ಹಿಂದಿನ ಪ್ರಯತ್ನದ ಹೆಸರು ಫೋನಿನಲ್ಲಿ ಉಳಿದಿದ್ದರೆ ಅದರ ಪಕ್ಕದ ಗೇರ್ ಗುರುತು ಒತ್ತಿ ‘ಫರ್ಗೆಟ್’ ಮಾಡಿ. ಇದನ್ನು ಬಿಟ್ಟರೆ ಎರಡೂ ಕಡೆ ಉಳಿದ ಹಳೆಯ ಗುಪ್ತಕೀ (ಪರಸ್ಪರ ಗುರುತು ಹಿಡಿಯುವ ಗುಪ್ತ ಸಂಕೇತ) ತಾಳೆಯಾಗದೆ ಮತ್ತೆ ಸೋಲುತ್ತದೆ. ಲ್ಯಾಪ್‌ಟಾಪ್ 1ನೇ ಚಾನೆಲ್ಲಿನಲ್ಲಿದ್ದರೆ ಅದನ್ನು ಮುಟ್ಟಬೇಡಿ. ಎಫ್2 ಅನ್ನು ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಅದರ ದೀಪ ಬೇಗ ಬೇಗ ಮಿನುಗಬೇಕು. ಸುಮ್ಮನೆ ಒಮ್ಮೆ ಒತ್ತಿ ಬಿಟ್ಟರೆ ಚಾನೆಲ್ ಬದಲಾಗುತ್ತದೆ ಅಷ್ಟೇ, ಹೊಸ ಜೋಡಣೆಗೆ ತೆರೆದುಕೊಳ್ಳುವುದಿಲ್ಲ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ತೆರೆದು ಹೊಸ ಸಾಧನ ಹುಡುಕಿ, ಹೆಸರು ಮುಟ್ಟಿ, ಸಂಖ್ಯೆ ಒತ್ತಿ, ಎಂಟರ್.

ಜೋಡಣೆಯಾಗಿಯೂ ಅಕ್ಷರ ಬೀಳದಿದ್ದರೆ ಅದೇ ಗೇರ್ ಗುರುತಿನೊಳಗೆ ‘ಇನ್‌ಪುಟ್ ಡಿವೈಸ್’ ಸ್ವಿಚ್ ಆನ್ ಇದೆಯೇ ನೋಡಿ.

ಕನ್ನಡ ಬರೆಯುವುದಕ್ಕೇ ಕೀಬೋರ್ಡ್ ತಂದಿದ್ದರೆ ಇದನ್ನು ಮೊದಲೇ ತಿಳಿದಿರಿ: ಕೀಬೋರ್ಡ್ ಕಳಿಸುವುದು ಯಾವ ಕೀಲಿ ಒತ್ತಿದಿರಿ ಎಂಬುದನ್ನು ಮಾತ್ರ, ಅದು ‘ಕ’ ಆಗಬೇಕೋ ‘k’ ಆಗಬೇಕೋ ಎಂದು ತೀರ್ಮಾನಿಸುವುದು ಫೋನು. ಸೆಟ್ಟಿಂಗ್ಸ್‌ನ ‘ಫಿಸಿಕಲ್ ಕೀಬೋರ್ಡ್’ ಪುಟದಲ್ಲಿ ಲೇಔಟ್ ಪಟ್ಟಿ ಇದೆ, ಕನ್ನಡವಿದ್ದರೆ ಆರಿಸಿ. ಇಲ್ಲದಿದ್ದರೆ ಅದೇ ಪುಟದಲ್ಲಿ ಪರದೆಯ ಮೇಲಿನ ಕೀಬೋರ್ಡನ್ನೂ ತೋರಿಸುವ ಸ್ವಿಚ್ ಆನ್ ಮಾಡಿಡಿ, ಕನ್ನಡಕ್ಕೆ ಅದನ್ನು ಬಳಸಬಹುದು. ಹೊಸದಾಗಿ ಕೊಳ್ಳುವವರು ಈ ಪಟ್ಟಿಯನ್ನು ನೋಡಿಯೇ ದುಡ್ಡು ಕೊಡಲಿ ಎನ್ನುವುದು ನನ್ನ ಒತ್ತಾಯ.

ಯುಎಸ್‌ಬಿ ರಿಸೀವರಿನಿಂದ ಮಾತ್ರ ನಡೆಯುವ ಅಗ್ಗದ ಕೀಬೋರ್ಡುಗಳು ಬ್ಲೂಟೂತ್ ಪಟ್ಟಿಯಲ್ಲಿ ಎಂದೂ ಕಾಣವು. ಅವಕ್ಕೆ ಒಟಿಜಿ ಅಡಾಪ್ಟರ್, ಅಂದರೆ ರಿಸೀವರನ್ನು ಫೋನಿನ ಚಾರ್ಜಿಂಗ್ ತೂತಿಗೆ ಸೇರಿಸುವ ಚಿಕ್ಕ ಜೋಡಕ ಬೇಕು.

ಸುಮ್ಮನೆ ಬಿಟ್ಟಾಗ ಕೀಬೋರ್ಡ್ ನಿದ್ದೆ ಹೋಗುತ್ತದೆ, ಎಚ್ಚರವಾಗುವಾಗ ಮೊದಲ ಒಂದೆರಡು ಅಕ್ಷರ ತಪ್ಪಬಹುದು, ಅದು ದೋಷವಲ್ಲ. ಟೈಪ್ ಮಾಡುತ್ತಿರುವಾಗಲೇ ಸಂಪರ್ಕ ಕಡಿದು ಹೋಗುತ್ತಿದ್ದರೆ ಮಾತ್ರ ಒಳಗಿನ ಎರಡು ಎಎಎ ಸೆಲ್‌ಗಳನ್ನು ಒಟ್ಟಿಗೇ ಬದಲಿಸಿ, ಒಂದು ಹಳೆಯದು ಒಂದು ಹೊಸದು ಬೇಡ.